ಅಕ್ಕನ ಮೂರನೇ ಟೇಕು

ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ತಲೆ ಮುಟ್ಟಿ ಆಣೆ ಹಾಕುವುದಕ್ಕೂ ತಯಾರು; ಯಾರ ತಲೆ ಎನ್ನುವುದೊಂದು ಇತ್ಯರ್ಥವಾಗಬೇಕು, ಅಷ್ಟೆ.

ಒಬ್ಬಳು ನಟಿ. ನಟಿಯಾಗುವ ಮುಂಚೆ ಮಾಡೆಲ್ ಆಗಿದ್ದಳು. ಸೋಪು, ಫ್ಯಾನು, ನೀರಿನ ಟ್ಯಾಂಕು, ಯಾವುದರ ಪಕ್ಕ ನಿಲ್ಲಿಸಿದರೂ ಹೆತ್ತವರನ್ನು ಕಂಡ ಹಾಗೆ ನಗುತ್ತಿದ್ದಳು. ಆ ಕಾಲದಲ್ಲಿ ಅಂಟಿದ ಚಾಳಿಯಿಂದ, ಆಕಾಶದಲ್ಲಿ ಮಿಂಚು ಹೊಡೆದರೂ ಅವಳ ಕತ್ತು ತಾನಾಗಿ ಎಡಕ್ಕೆ ತಿರುಗುತ್ತಿತ್ತು. ಆಮೇಲೆ ಸಿನಿಮಾ. ಕ್ಯಾಮೆರಾ ಇರುವ ಕಡೆಯ ಕಣ್ಣಿನಿಂದ ಮಾತ್ರ ನೀರು ಸುರಿಸುವುದನ್ನು ಕಲಿತಳು. ಮೇಕಪ್ಪಿನವನಿಗೆ ಅರ್ಧ ಕೆಲಸ ಉಳಿಯಿತು. ನಂತರ ತಾನೇ ನಿರ್ದೇಶಕಿಯಾದಳು. ಅದೂ ಸಾಲದೆಂದು ಪತ್ರಿಕೆಗೆ ವಾರವಾರ ಅಂಕಣ ಬರೆಯತೊಡಗಿದಳು.

ಎಡವಟ್ಟಾಗಿದ್ದು ಅಂಕಣದಿಂದ. ಏನೂ ಹೊಳೆಯದ ಒಂದು ವಾರ, ಭಾವನ ಗೊರಕೆಯ ಬಗ್ಗೆ, ಅದನ್ನು ತಾಳಲಾರದೆ ಅಕ್ಕ ಅಡುಗೆಮನೆಯಲ್ಲಿ ಹಾಸಿಕೊಂಡು ಮಲಗುವ ಬಗ್ಗೆ ಬರೆದುಬಿಟ್ಟಳು. ಓದಿದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಭಾವನ ಆಫೀಸಿನಲ್ಲಿ ಯಾರೋ ಅದನ್ನು ನೋಟಿಸ್ ಬೋರ್ಡಿಗೆ ಅಂಟಿಸಿದರು. ಅಕ್ಕ ಮಾತು ಬಿಟ್ಟಳು.

ತಾಯಿ ಹೋದ ಮೇಲೆ ತಲೆ ಬಾಚಿ ಬೆಳೆಸಿದ ಅಕ್ಕ. ಮೊದಲ ಫೋಟೋಗೆಂದು ತನ್ನ ಇದ್ದೊಂದು ಒಳ್ಳೆಯ ಬಟ್ಟೆಯನ್ನೇ ಚಿಕ್ಕದು ಮಾಡಿ ಹೊಲಿದುಕೊಟ್ಟವಳು. ಅವಳ ಮಾತಿಲ್ಲದೆ ನಟಿಗೆ ತುತ್ತು ಗಂಟಲಲ್ಲಿ ಇಳಿಯಲಿಲ್ಲ. ಫೋನ್ ಮಾಡಿದರೆ ಭಾವ ಎತ್ತಿ, "ಬರ್ಕೊಳ್ಳೋಕೆ ಪೆನ್ನು ರೆಡಿ ಇದೆಯೇನಮ್ಮಾ?" ಎಂದು ಕೇಳಿ ಇಟ್ಟುಬಿಡುತ್ತಿದ್ದ.

ಕೊನೆಗೆ ಒಂದು ಮಧ್ಯಾಹ್ನ ಅಕ್ಕನೇ ಬಂದಳು. ಕುರ್ಚಿಯ ತುದಿಯಲ್ಲಿ ಕೂತು, ಚೀಲವನ್ನು ತೊಡೆಯ ಮೇಲೆಯೇ ಇಟ್ಟುಕೊಂಡಳು.

"ಒಂದೇ ಮಾತು ಕೇಳೋಕೆ ಬಂದೆ ಕಣೇ. ಹಾಗೆ ಬರೆದಿದ್ದಕ್ಕೆ ನಿಂಗೆ ಬೇಜಾರಾಗಿದೆಯೋ ಇಲ್ವೋ?"

"ಆಗಿದೆ ಅಕ್ಕಾ. ತಪ್ಪಾಯ್ತು." ನಟಿಗೆ ಎರಡೂ ಕಣ್ಣಲ್ಲಿ ನೀರು ಬಂತು. ಎರಡನೆಯದರಲ್ಲೂ ಬಂದದ್ದಕ್ಕೆ ಅವಳಿಗೇ ಗಾಬರಿಯಾಯಿತು.

ಅಕ್ಕ ಕಿಟಕಿಯ ಕಡೆ ನೋಡಿದಳು. "ಹೋಗ್ಲಿ ಬಿಡು. ನೀನಲ್ದೆ ನಂಗೆ ಇನ್ಯಾರಿದ್ದಾರೆ" ಎಂದು ಮೆಲ್ಲಗೆ ಅಂದಳು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅದೇ ಗಳಿಗೆಗೆ ಮೋಡ ಸರಿದು ಬಿಸಿಲು ಅಕ್ಕನ ಕೆನ್ನೆಗೆ ಬಿತ್ತು. ನಟಿಯ ಬಾಯೊಳಗಿಂದ, ಅವಳನ್ನು ಒಂದು ಮಾತೂ ಕೇಳದೆ, ನಿರ್ದೇಶಕಿ ಮಾತಾಡಿಬಿಟ್ಟಳು: "ಚೆನ್ನಾಗಿತ್ತು. ಈಗ ಬೆಳಕು ಬಂದಿದೆ, ಇನ್ನೊಂದು ಸಲ ಹೇಳು."

ಅಕ್ಕ ಕಣ್ಣು ಕಣ್ಣು ಬಿಟ್ಟಳು. ಆದರೂ ತಂಗಿ ಕೇಳಿದ್ದಕ್ಕೆ ಇಲ್ಲ ಎಂದು ಅಭ್ಯಾಸವಿಲ್ಲದ ಜೀವ. ಇನ್ನೊಂದು ಸಲ ಹೇಳಿದಳು.

"'ಇನ್ಯಾರಿದ್ದಾರೆ' ಅನ್ನೋ ಮುಂಚೆ ಸ್ವಲ್ಪ ತಡಿ ಅಕ್ಕಾ."

ಅಕ್ಕ ತಡೆದು ಹೇಳಿದಳು. ಈ ಮೂರನೆಯದು ಎಷ್ಟು ಚೆನ್ನಾಗಿ ಬಂತೆಂದರೆ, ಎದುರು ಮನೆಯ ಮಹಡಿಯಲ್ಲಿ ಬಟ್ಟೆ ಒಣಗಿಸುತ್ತಿದ್ದ ಹೆಂಗಸು ಯಾರದೋ ಅಂಗಿಯಲ್ಲಿ ಮೂಗೊರೆಸಿಕೊಂಡು ಒಳಗೆ ಹೋದಳು.

"ಈ ಸಲ ಹೇಗಿತ್ತು? ಸ್ವಲ್ಪ ಅಳ್ಲಾ?" ಎಂದು ಅಕ್ಕ ಮುಂದಕ್ಕೆ ಬಾಗಿ ಕೇಳಿದಳು. ಕೇಳಿದವಳೇ ಗಕ್ಕನೆ ನಿಲ್ಲಿಸಿದಳು.

"ಅಲ್ವೇ, ಈಗ ನಾನು ನಿನ್ನ ಕ್ಷಮಿಸಿದ್ನೋ, ಇಲ್ಲ ಪಾರ್ಟು ಮಾಡಿದ್ನೋ?"

"ಮೊದಲ್ನೇ ಸಲ ನಿಜವಾಗಿ ಅಂದೆಯಲ್ಲ."

"ನಾನೂ ಹಾಗೇ ಅಂದ್ಕೊಂಡಿದ್ದೆ. ಈಗ ನೋಡಿದ್ರೆ ಮೂರನೇದ್ರಲ್ಲೇ ಜಾಸ್ತಿ ಸಂಕಟ ಆಯ್ತು. ಹೋಗ್ಲಿ, ನೀನು ಅತ್ತಿದ್ದು?"

ನಟಿ ಉತ್ತರಕ್ಕಾಗಿ ತನ್ನೊಳಗೆಲ್ಲ ತಡಕಾಡಿದಳು. ನಿರ್ದೇಶಕಿ ಬೆಳಕು ಹೋಗುತ್ತಿದೆ ಎಂದು ಗೊಣಗುತ್ತಿದ್ದಳು. ಅಂಕಣದವಳು ಆಗಲೇ ಮೊದಲ ವಾಕ್ಯ ಶುರು ಮಾಡಿದ್ದಳು. ಮಾಡೆಲ್ ಸುಮ್ಮನೆ ನಗುತ್ತಿದ್ದಳು. ತಂಗಿಯೆಂಬವಳು ಮಾತ್ರ ಎಲ್ಲಿ ಕೂತಿದ್ದಾಳೋ ಪತ್ತೆಯೇ ಇಲ್ಲ.

"ಗೊತ್ತಾಗ್ತಿಲ್ಲ ಅಕ್ಕಾ" ಅಂದಳು. ನಿಜವನ್ನೇ ಅಂದಳು. ಆದರೆ ಅದನ್ನೂ ತುಂಬ ಚೆನ್ನಾಗಿ ಅಂದುಬಿಟ್ಟಳು.

ಅಕ್ಕ ಚೀಲ ಹೆಗಲಿಗೇರಿಸಿದಳು. "ಮನೆಗೆ ಹೋಗಿ ನಿಮ್ ಭಾವನ ಮುಂದೆ ಒಂದ್ಸಲ ಹೇಳಿ ನೋಡ್ತೀನಿ. ನಾನು ನಾಟಕ ಆಡಿದ್ರೆ ಅವರಿಗೆ ತಕ್ಷಣ ಗೊತ್ತಾಗುತ್ತೆ."

"ನಿಲ್ಲು ಅಕ್ಕಾ, ಮೊದಲ್ನೇದನ್ನೇ ಇಟ್ಕೊಳ್ಳೋಣ, ಉಳಿದಿದ್ದೆಲ್ಲ ಬಿಸಾಕಿಬಿಡು." ನಟಿ ಬಾಗಿಲವರೆಗೆ ಓಡಿದಳು. ಅಕ್ಕ ಆಗಲೇ ಮೆಟ್ಟಿಲ ತಿರುವು ದಾಟಿ ಕೆಳಗಿಳಿಯುತ್ತಿದ್ದಳು, ತಲೆ ಎತ್ತಲಿಲ್ಲ. "ಈಗ ಮಾತಾಡ್ತಿರೋದು ನಾನೇ ಅಕ್ಕಾ, ಬೇರೆ ಯಾರೂ ಅಲ್ಲ. ನಂಗೆ ನಿಜವಾಗ್ಲೂ ನಿನ್ನ ಬಿಟ್ರೆ