ಅರ್ಧ ನೀಲಿ, ಅರ್ಧ ಹಳದಿ ಪರದೆ

ಆ ಹೆಂಗಸು ಮಗಳ ಕೈಯನ್ನು ಬಿಡಲೇ ಇಲ್ಲ. ಹೊಲಿದ ಅಂಗಿ ಮೈಗೆ ಕೂರುತ್ತದೋ ಇಲ್ಲವೋ ಎಂದು ನೋಡಲು ಮಗಳು ಒಳಗೆ ಹೋಗಿ ತೊಟ್ಟು ಬರಬೇಕು, ಅಷ್ಟೇ. ಅಂಗಡಿಯ ಹಿಂದಿನ ಮೂಲೆಯಲ್ಲಿ, ಮೊಣಕೈ ಅಗಲಿಸಿದರೆ ಎರಡೂ ಗೋಡೆ ತಾಗುವಷ್ಟು ಜಾಗ. ಒಂದು ಕನ್ನಡಿ, ಬಟ್ಟೆ ನೇತುಹಾಕಲು ಮೊಳೆ, ಮುಂದೊಂದು ಪರದೆ. ಮಿಕ್ಕ ಬಟ್ಟೆಯನ್ನು ಜೋಡಿಸಿ ಹೊಲಿದದ್ದರಿಂದ ಪರದೆ ಅರ್ಧ ನೀಲಿ, ಅರ್ಧ ಹಳದಿ. ಅದೂ ಉದ್ದ ಸಾಲದೆ ನೆಲದಿಂದ ಒಂದು ಗೇಣು ಮೇಲೆಯೇ ನಿಂತುಬಿಟ್ಟಿತ್ತು.

“ಇಲ್ಲೇ ಮೇಲಿಂದ ಹಿಡಿದು ನೋಡಿಬಿಡಿ,” ಎಂದಳು ತಾಯಿ.

“ಮೇಲಿಂದ ಹಿಡಿದ್ರೆ ಕಂಕುಳಲ್ಲಿ ಬಿಗಿಯುತ್ತೋ ಇಲ್ವೋ ಹೇಗಮ್ಮ ಗೊತ್ತಾಗೋದು?” ಎಂದಳು ಅಂಗಡಿ ನಡೆಸುವ ಚಿಕ್ಕಮ್ಮ, ತುಟಿಯಂಚಿನ ಗುಂಡುಸೂಜಿಯನ್ನು ತೆಗೆಯದೆ.

“ಪರವಾಗಿಲ್ಲ, ಮನೇಲಿ ಹಾಕಿ ನೋಡ್ತೀವಿ.”

ಮಗಳು ಮಾತ್ರ ಕತ್ತು ಉದ್ದ ಮಾಡಿ ಪರದೆಯನ್ನೇ ನೋಡುತ್ತಿದ್ದಳು. “ಅಮ್ಮ, ಇದೇನಾ ಅದು?”

ತಾಯಿ ಅವಳ ಕೈ ಜಗ್ಗಿದಳು. ಅಂಗಿಯನ್ನು ನೆಟ್ಟಗೆ ಮಡಿಸಿಕೊಡುವಷ್ಟು ಹೊತ್ತೂ ನಿಲ್ಲದೆ ಇಬ್ಬರೂ ಬೀದಿಗಿಳಿದರು.

ಮೂಲೆಯ ಸ್ಟೂಲಿನ ಮೇಲೆ ಕೂತು ಜೋತಾಡುವ ದಾರದ ತುದಿಗಳನ್ನು ಕತ್ತರಿಸುತ್ತಿದ್ದ ಗುಮ್ಮಿ ತಲೆ ಎತ್ತಿದಳು. ಚಿಕ್ಕಂದಿನಿಂದಲೂ ಮಾತಿಲ್ಲದೆ ಗುಮ್ಮೆಂದು ಕೂರುತ್ತಿದ್ದವಳಿಗೆ ಚಿಕ್ಕಮ್ಮ ಇಟ್ಟ ಹೆಸರು ಅದು. ತಾಯಿ ತೀರಿಕೊಂಡ ಮೇಲೆ ಅವಳನ್ನು ಸಾಕಿದ್ದೂ ಓದಿಸಿದ್ದೂ ಈ ಅಂಗಡಿಯೇ. ಈಗ ಅವಳು ಕಾಲೇಜಿನಲ್ಲಿ ಒಬ್ಬ ಪ್ರೊಫೆಸರ ಕೈಕೆಳಗೆ ಸಂಶೋಧನಾ ಸಹಾಯಕಿ. ಕೆಲಸವಿಲ್ಲದ ದಿನ ಇಲ್ಲಿ ದಾರ ಕತ್ತರಿಸುತ್ತಾಳೆ.

“ಏನಂತೆ ಅದು?” ಎಂದು ಕೇಳಿದಳು.

“ನಿಂಗೆ ಗೊತ್ತಿಲ್ವಾ? ಊರಿಗೆಲ್ಲ ಗೊತ್ತು,” ಎಂದಳು ಕಾಜಾ ಅಕ್ಕ. ಬಟನ್ನು ಹಚ್ಚುವುದು, ಬಟನ್ನಿನ ತೂತಿಗೆ ಕಾಜಾ ಹೊಲಿಯುವುದು ಅವಳ ಕೆಲಸ; ಕೈ ಎಷ್ಟು ಓಡುತ್ತದೋ ಬಾಯಿಯೂ ಅಷ್ಟೇ. “ಮದುವೆ ಹುಡುಗಿಯಂತೆ. ಬಟ್ಟೆ ತೊಟ್ಟು ನೋಡೋಕೆ ಒಳಗೆ ಹೋದ್ಳಂತೆ. ಅವರಮ್ಮ ಹೊರಗೆ ಕಾದು ಕಾದು ಪರದೆ ಸರಿಸಿದ್ರೆ ಒಳಗೆ ಯಾರೂ ಇಲ್ಲ. ಒಂದೇ ಒಂದು ಚಪ್ಪಲಿ ಬಿದ್ದಿತ್ತಂತೆ. ನೆಲದಲ್ಲಿ ಹಲಗೆ ಇದೆಯಂತೆ, ಕೆಳಗಿಂದ ಎಳ್ಕೊಂಡು ಹೋಗಿ ಮಾರಿಬಿಡ್ತಾರಂತೆ.”

“ಹಲಗೆಯಂತೆ,” ಚಿಕ್ಕಮ್ಮ ಸೂಜಿಯನ್ನು ಮೆತ್ತೆಗೆ ಚುಚ್ಚಿದಳು. “ಇಲಿಗೂ ತೋಡೋಕಾಗದ ಸಿಮೆಂಟು. ಮಳೆಗಾಲದಲ್ಲಿ ನೀರು ಇಂಗಲ್ಲ, ಹುಡುಗಿ ಇಂಗಿಹೋದ್ಳಂತೆ.”

“ನಮ್ಮ ಅಂಗಡೀನೇ ಅಂತ ಯಾರು ಹೇಳಿದ್ರು?” ಎಂದಳು ಗುಮ್ಮಿ.

“ಪರದೆ ಹೇಳ್ತಲ್ಲ. ಅರ್ಧ ನೀಲಿ, ಅರ್ಧ ಹಳದಿಯಂತೆ. ಇಂಥ ಬೇಡದ ಪರದೆ ಇನ್ಯಾವ ಅಂಗಡೀಲಿದೆ?” ಎಂದು ಕಾಜಾ ಅಕ್ಕ ನಕ್ಕಳು. ಚಿಕ್ಕಮ್ಮ ನಗಲಿಲ್ಲ. ಅಂಗಡಿ ಜಾಗದ ಮಾಲೀಕ ಬೆಳಿಗ್ಗೆಯೇ ಬಂದು ಹೋಗಿದ್ದ. ಅಕ್ಕಪಕ್ಕದವರ ವ್ಯಾಪಾರಕ್ಕೂ ಏಟು ಬೀಳುತ್ತಿದೆಯಂತೆ. ಹೀಗೇ ಆದರೆ ಮುಂದಿನ ತಿಂಗಳು ಜಾಗ ಖಾಲಿ ಮಾಡಬೇಕು. ಇಷ್ಟು ವರ್ಷ ಅವನ ಮನೆಯ ಹೆಣ್ಣುಮಕ್ಕಳೂ ಇದೇ ಪರದೆಯ ಹಿಂದೆ ಬಟ್ಟೆ ತೊಟ್ಟು ನೋಡಿದವರೇ.

“ಪರದೆ ತೆಗೆದುಬಿಡೋಣ,” ಎಂದಳು ಗುಮ್ಮಿ.

“ತೆಗೆದ್ರೆ, ನೋಡಿ, ಸಾಕ್ಷಿ ಮುಚ್ಚಿಹಾಕಿದ್ರು ಅಂತಾರೆ,” ಎಂದಳು ಕಾಜಾ ಅಕ್ಕ. “ಮಡಕೆ ಬಾಯಿ ಮುಚ್ಚಬಹುದು ಮಗಳೇ, ಜನರ ಬಾಯಿ ಮುಚ್ಚೋಕೆ ಅಷ್ಟು ದೊಡ್ಡ ತಟ್ಟೆ ಎಲ್ಲಿದೆ?”

ಗುಮ್ಮಿಗೆ ಈ ಕಥೆ ಹೊಸದಲ್ಲ. ಅವಳ ಕೆಲಸವೇ ಇಂಥವುಗಳದ್ದು. ಪ್ರೊಫೆಸರು ಅಧ್ಯಯನ ಮಾಡುತ್ತಿದ್ದುದು ಪಟ್ಟಣದ ಗಾಳಿಮಾತುಗಳನ್ನು: ಯಾವ ಕಥೆ ಯಾವ ಬೀದಿಯಲ್ಲಿ ಹುಟ್ಟಿತು, ಯಾವ ಬಾಯಿಂದ ಯಾವ ಕಿವಿಗೆ ಹೋಯಿತು, ದಾರಿಯಲ್ಲಿ ಎಷ್ಟು ಬಾಲ ಬೆಳೆಸಿಕೊಂಡಿತು. ಬಟ್ಟೆ ಅಂಗಡಿಯಲ್ಲಿ ಮಾಯವಾಗುವ ಹುಡುಗಿ ಊರಿಂದೂರಿಗೆ ತಿರುಗುವವಳು. ಎಲ್ಲಿಯೂ ಅವಳಿಗೆ ಹೆಸರಿಲ್ಲ, ಎಲ್ಲಿಯೂ ಅವಳು ಹೇಳುವವರ ಪರಿಚಯದವರ ಪರಿಚಯದವಳು. ಇಲ್ಲಿಯತನಕ ಆ ಕಥೆಯ ಅಂಗಡಿ ಯಾರದೋ ಆಗಿತ್ತು.

ಮರುದಿನ ಅವಳು ಪ್ರೊಫೆಸರ ಕೋಣೆಗೆ ಹೋದಾಗ ಅವರು ಗೋಡೆಯ ನಕ್ಷೆಯ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಊರಿನ ಪ್ರತಿ ಬೀದಿಯೂ ಅದರಲ್ಲಿತ್ತು. ಕಥೆ ಮುಟ್ಟಿದ ಕಡೆಗೆಲ್ಲ ಒಂದೊಂದು ಕೆಂಪು ಗುಂಡುಸೂಜಿ; ಈ ಸಲ ಅದು ಯಾವ ಕಥೆ ಎಂದು ಅವರು ಅವಳಿಗೆ ಹೇಳಿರಲಿಲ್ಲ. ಅವರದು ಮೆತ್ತನೆಯ ದನಿ, ಯಾರನ್ನೂ ಗದರಿಸಿದವರಲ್ಲ. ಆ ದನಿಗೆ ಮನಸೋತೇ ಗುಮ್ಮಿ ಈ ಕೆಲಸಕ್ಕೆ ಸೇರಿದ್ದಳು.

“ಸರ್, ಮಾಯವಾಗೋ ಹುಡುಗಿ ಕಥೆ ನಮ್ಮೂರಿಗೂ ಬಂದಿದೆ. ನಮ್ಮ ಚಿಕ್ಕಮ್ಮನ ಅಂಗಡಿ ಮೇಲೆ.”

ಅವರ ಮುಖ ಅರಳಿತು. “ಹೌದಾ? ಯಾರು ಹೇಳಿದ್ದು? ಪರದೆ ಬಂತಾ ಕಥೇಲಿ? ಎರಡು ಬಣ್ಣಾನೂ ಹಾಗೇ ಉಳಿದಿತ್ತಾ?”

ಗುಮ್ಮಿ ಪರದೆಯ ಮಾತೇ ಎತ್ತಿರಲಿಲ್ಲ.

 ಅವಳ ಮಾತಿಗೆ ಕಾಯದೆ ಅವರು ತಾವೇ ಮುಂದುವರಿಸಿದರು. ಕಥೆ ಹೇಗೆ ಹರಡುತ್ತದೆ ಎಂದು ತಿಳಿಯಬೇಕಾದರೆ ಅದು ಹುಟ್ಟಿದ ಜಾಗ ಖಚಿತವಾಗಿ ಗೊತ್ತಿರಬೇಕು. ಗೊತ್ತಿರಬೇಕಾದರೆ ನಾವೇ ಹುಟ್ಟಿಸಬೇಕು. ಹುಟ್ಟಿಸಿದ್ದು ನಮ್ಮದೇ ಎಂದು ಆಮೇಲೆ ಪತ್ತೆಯಾಗಲು ಅದರೊಳಗೆ ಒಂದು ಗುರುತಿನ ಎಳೆ ಸೇರಿಸಬೇಕು, ಬೇರೆ ಯಾರಿಗೂ ಹೊಳೆಯದಂಥ ಒಂದು ಸಣ್ಣ, ಉಪಯೋಗವಿಲ್ಲದ ವಿವರ. ಹಾಗೆಂದೇ ಅವರು ಹೊಸ ವಿದ್ಯಾರ್ಥಿಗಳ ತರಗತಿಯಲ್ಲಿ, ನನ್ನ ಗೆಳೆಯರ ನಾದಿನಿಯ ಮನೆಯವರಿಗೆ ಆದದ್ದು ಎಂದು, ಸಹಜವಾಗಿ, ಪಾಠದ ನಡುವೆ ಹೇಳಿದ್ದರು.

“ಗುರುತಿನ ಎಳೆ ನೀನೇ ಕೊಟ್ಟಿದ್ದಲ್ವಾ,” ಎಂದು ಮೆಚ್ಚಿಗೆಯಿಂದ ಹೇಳಿದರು. “ತುಂಬ ಚೆನ್ನಾಗಿತ್ತು.”

ಅವಳಿಗೆ ನೆನಪಾಯಿತು. ಚಹಾ ಕುಡಿಯುತ್ತ ಒಂದು ಮಧ್ಯಾಹ್ನ ಅವರು ಕೇಳಿದ್ದರು: ನೀನು ನೋಡಿದ ಯಾವುದಾದರೂ ಬಟ್ಟೆ ಅಂಗಡಿಯ ಒಂದು ವಿಚಿತ್ರ ವಿವರ ಹೇಳು. ಯಾಕೆಂದು ಹೇಳಿರಲಿಲ್ಲ. ಯಾರೂ ಏನೂ ಕೇಳದ ಗುಮ್ಮಿಗೆ, ಕೇಳಿದರಲ್ಲ ಎಂಬುದೇ ಹಿಗ್ಗಾಗಿತ್ತು. ತನಗೆ ಎಲ್ಲಕ್ಕಿಂತ ಹತ್ತಿರವಾದದ್ದನ್ನೇ ಎತ್ತಿ ಕೊಟ್ಟಿದ್ದಳು. ಅವರು ಅದನ್ನು ಗಾಳಕ್ಕೆ ಸಿಕ್ಕಿಸಿ ನೀರಿಗೆ ಬಿಟ್ಟಿದ್ದರು.

“ಸರ್, ಅಂಥ ಪರದೆ ಇರೋದು ಒಂದೇ ಅಂಗಡೀಲಿ.”

“ಅದು ನನಗೆ ಗೊತ್ತಿರಲಿಲ್ಲವಲ್ಲಮ್ಮ. ನಾನು ಯಾವ ಅಂಗಡಿ ಅಂತ ಹೇಳೇ ಇಲ್ಲ. ಪೇಟೇಲಿ ಒಂದು ಅಂಗಡಿ, ಅಂದೆ. ಹುಡುಕಿಕೊಂಡಿದ್ದು ಜನ. ಅದೇ ತಾನೆ ನಮಗೆ ಸಿಕ್ಕ ಫಲಿತಾಂಶ?”

“ಕಥೆ ಕಟ್ಟಿದ್ದು ನೀವೇ ಅಂತ ಎಲ್ಲರಿಗೂ ಹೇಳಿಬಿಡಿ ಸರ್.”

“ಈಗಾ? ಎಲ್ಲ ಕೆಟ್ಟುಹೋಗುತ್ತೆ.” ದನಿ ಇನ್ನೂ ಮೆತ್ತಗಾಯಿತು. “ಮೇಲಾಗಿ ಅಲ್ಲಗಳೆದಷ್ಟೂ ಗಾಳಿಮಾತು ಬೆಳೆಯುತ್ತೆ. ನಾನು ಬರೆದಿದ್ದನ್ನ ನೀನೇ ಅಲ್ವಾ ಟೈಪ್ ಮಾಡಿದ್ದು? ಸ್ವಲ್ಪ ದಿನ ಸುಮ್ಮನಿರೋಕೆ ಹೇಳು ಅವರಿಗೆ, ತಾನಾಗಿ ಆರುತ್ತೆ. ನೀನು ಮಾತ್ರ ಅಲ್ಲೇ ಕೂತು ಬಂದವರು ಏನೇನು ಅಂತಾರೆ ಕೇಳಿಸ್ಕೊ. ಇಂಥ ಅವಕಾಶ ಯಾರಿಗೂ ಸಿಗಲ್ಲ.”

ಅವರು ಡಬ್ಬಿಯಿಂದ ಒಂದು ಕೆಂಪು ಸೂಜಿ ತೆಗೆದು ನಕ್ಷೆಯಲ್ಲಿ ಚಿಕ್ಕಮ್ಮನ ಬೀದಿಯನ್ನು ಹುಡುಕಿ ಚುಚ್ಚಿದರು.

ಗುಮ್ಮಿ ಹೊರಗೆ ಬಂದಳು. ಎರಡೆರಡು ಮೆಟ್ಟಿಲು ದಾಟಿ ಇಳಿದಳು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂದು ಸುಮ್ಮನೆ ಹೇಳುವುದಲ್ಲ. ಈ ಬೆಕ್ಕು ಇಲಿಯ ಸಂಕಟವನ್ನು ಅಳೆದು ಪುಸ್ತಕವನ್ನೂ ಬರೆಯುತ್ತದೆ. ಎದುರಿಗೆ ಸಿಕ್ಕ ಗೆಳತಿ ಏನೋ ಕೇಳಿದಳು. ಗುಮ್ಮಿಗೆ ಹಲ್ಲು ಕಚ್ಚಿದ್ದನ್ನು ಬಿಡಲಾಗಲಿಲ್ಲ.

ಅಂಗಡಿಯಲ್ಲಿ ಎಲ್ಲವನ್ನೂ ಹೇಳಿದಳು. ಚಿಕ್ಕಮ್ಮ ಮಷೀನು ನಿಲ್ಲಿಸಿ ಕೇಳಿದಳು.

“ಓದಿದೋರಾ?”

“ಹೂಂ.”

“ಪಾಠ ಹೇಳೋರಾ?”

“ಹೂಂ.”

ಚಿಕ್ಕಮ್ಮ ಕತ್ತರಿ ಎತ್ತಿಕೊಂಡಳು. “ನಡಿ, ಕಾಲೇಜಿನ ಬಾಗಿಲಲ್ಲಿ ನಿಂತು ಉಗೀತೀನಿ. ಅದೆಲ್ಲ ಸುಳ್ಳು ಅಂತ ಕೂಗಿ ಹೇಳ್ತೀನಿ.”

“ಕತ್ತರಿ ಇಟ್ಟು ಹೋಗು ತಾಯಿ,” ಎಂದಳು ಕಾಜಾ ಅಕ್ಕ, “ಇಲ್ಲಾಂದ್ರೆ ಮುಂದಿನ ಕಥೇಲಿ ಅದೂ ಬರುತ್ತೆ.”

“ಸುಳ್ಳು ಅಂತ ಹೇಳಿದ್ರೆ ಯಾರೂ ಕೇಳಲ್ಲ ಚಿಕ್ಕಮ್ಮ. ಸುಳ್ಳು ಅನ್ನೋ ಮಾತು ಮರೆತುಹೋಗುತ್ತೆ, ಹುಡುಗಿ ನೆನಪಿರ್ತಾಳೆ.” ಗುಮ್ಮಿ ಇಷ್ಟುದ್ದ ಮಾತಾಡಿದ್ದನ್ನು ಆ ಅಂಗಡಿ ಕಂಡಿರಲಿಲ್ಲ. “ಹೆದರಿಕೆ ಆದ್ರೆ ಜನ ಹೇಳ್ತಾರೆ. ಅವಮಾನ ಆದ್ರೆ ಅದಕ್ಕಿಂತ ಬೇಗ ಹೇಳ್ತಾರೆ. ಇನ್ನೊಬ್ಬರಿಗೆ ಹೇಳದಿದ್ರೆ ಹೊಟ್ಟೆ ಉಬ್ಬಬೇಕು, ಅಂಥದ್ದು ಬೇಕು.”

“ಅಂಥದ್ದು ಎಲ್ಲಿಂದ ತರ್ತೀಯ?” ಎಂದಳು ಚಿಕ್ಕಮ್ಮ.

“ನಿಜಾನೇ ಇದೆಯಲ್ಲ.”

ಅಂಗಿಯನ್ನು ಮನೆಯಲ್ಲೇ ನೋಡುತ್ತೇವೆಂದ ಹೆಂಗಸು ಬಸ್ ನಿಲ್ದಾಣದಲ್ಲಿ ಸಿಕ್ಕಳು. ಅಪರಿಚಿತರ ಪಕ್ಕ ಕೂರಬೇಕಾಗುತ್ತದೆಂದು ಬಸ್ಸಿನಲ್ಲಿ ನಿಂತೇ ಹೋಗುತ್ತಿದ್ದ ಗುಮ್ಮಿ ತಾನಾಗಿಯೇ ಅವಳ ಪಕ್ಕ ಹೋಗಿ ನಿಂತಳು.

“ಅಂಗಿ ಸರಿಹೋಯ್ತಾ ಆಂಟಿ?”

“ಕಂಕುಳಲ್ಲಿ ಬಿಗೀತಿದೆ,” ಎಂದಳು ಆಕೆ, ಕಣ್ಣು ತಪ್ಪಿಸಿ.

“ಆ ಪರದೆ ಕಥೆ ಕಟ್ಟಿದ್ದು ಯಾರು ಅಂತ ಗೊತ್ತಾ?”

“ಯಾರು?”

“ಕಾಲೇಜಿನ ಒಬ್ಬ ಮೇಷ್ಟ್ರು. ಬೇಕಂತಲೇ ಕಟ್ಟಿ ಬಿಟ್ಟಿದ್ದು. ಏನು ಹೇಳಿದ್ರೂ ಜನ ಹೇಗೆ ನಂಬ್ತಾರೆ ಅಂತ ನೋಡೋಕೆ.”

“ನಮ್ಮನ್ನಾ?”

“ನಮ್ಮೆಲ್ಲರನ್ನೂ. ಗೋಡೆ ಮೇಲೆ ಊರಿನ ನಕ್ಷೆ ಹಾಕ್ಕೊಂಡಿದ್ದಾರೆ. ನಂಬಿದ ಬೀದಿಗೆಲ್ಲ ಒಂದೊಂದು ಕೆಂಪು ಸೂಜಿ ಚುಚ್ಚಿದ್ದಾರೆ. ನಿಮ್ಮ ಬೀದಿಗೂ ಇದೆ, ನಾನೇ ನೋಡಿದ್ದೀನಿ.”

ಹೆಂಗಸಿನ ಕುತ್ತಿಗೆ ಕೆಂಪಾಯಿತು. ಬಸ್ಸು ಬಂತು, ಆಕೆ ಹತ್ತಲಿಲ್ಲ. ತಿರುಗಿ ಮನೆಯ ಕಡೆಗೇ ನಡೆದಳು, ಯಾರಿಗೋ ಹೇಳಬೇಕಾದವಳ ನಡಿಗೆಯಲ್ಲಿ.

ಔಷಧಿ ಅಂಗಡಿಯ ಸಾಲಿನಲ್ಲಿ, ಕಾಲೇಜಿನ ಕ್ಯಾಂಟೀನಿನಲ್ಲಿ ಗುಮ್ಮಿ ಇದನ್ನೇ ಹೇಳಿದಳು. ಒಂದು ಸುಳ್ಳನ್ನೂ ಬೆರೆಸಲಿಲ್ಲ. ಬೆರೆಸುವುದು ಜನರ ಕೆಲಸ, ಅವರು ಅದನ್ನು ಅಚ್ಚುಕಟ್ಟಾಗಿ ಮಾಡಿದರು. ವಾರ ತುಂಬುವ ಮೊದಲೇ ಕಾಜಾ ಅಕ್ಕ ಕಣ್ಣರಳಿಸಿಕೊಂಡು ಬಂದಳು.

“ಕೇಳಿದ್ಯಾ? ಸೂಜಿ ಬೀದಿಗಲ್ಲವಂತೆ, ಒಬ್ಬೊಬ್ಬರಿಗೆ ಒಂದೊಂದಂತೆ. ಕೆಳಗೆ ಹೆಸರೂ ಬರೆದಿದ್ದಾನಂತೆ, ಮುಂದೆ ದಡ್ಡ ಅಂತ.”

“ಅಕ್ಕ, ನಿಂಗೆ ಹೇಳಿದ್ದೇ ನಾನು.”

“ನೀನು ಹೇಳಿದ್ದು ಇಷ್ಟು ಚೆನ್ನಾಗಿರಲಿಲ್ಲ ಬಿಡು.”

ಕಾಲೇಜಿನ ಗೇಟಿನ ಮುಂದೆ ಜನ ಸೇರತೊಡಗಿದರು. ನಕ್ಷೆ ತೋರಿಸಿ, ನಮ್ಮ ಹೆಸರು ಕಿತ್ತುಹಾಕಿ ಎಂದು ಪಟ್ಟು. ಪ್ರಿನ್ಸಿಪಾಲರು ಪ್ರೊಫೆಸರನ್ನು ಕರೆಸಿ ಏನಂದರೋ ಗೊತ್ತಿಲ್ಲ. ಪ್ರೊಫೆಸರು ಗುಮ್ಮಿಯನ್ನು ಕರೆಸಿದರು. ಗೋಡೆಯ ಮೇಲೆ ನಕ್ಷೆ ಇರಲಿಲ್ಲ, ಸೂಜಿಯ ತೂತುಗಳಿದ್ದವು.

“ನಾನು ಯಾರ ಹೆಸರನ್ನೂ ಬರೆದಿಲ್ಲ,” ಎಂದರು. ಮೆತ್ತನೆಯ ದನಿ ಒಡೆದಿತ್ತು. “ಮನೆಗೆ ಫೋನ್ ಮಾಡಿ ಬೈತಾರೆ. ನನ್ನ ಹೆಂಡತಿ ಅಂಗಡಿಗೆ ಹೋದ್ರೆ ಪಿಸಪಿಸ ಅಂತಾರೆ. ಇದು ಪೂರ್ತಿ ಸುಳ್ಳು ಅಂತ ನಿನಗೆ ಗೊತ್ತಲ್ಲ, ನೀನು ಬಂದು ಹೇಳು.”

“ಅಲ್ಲಗಳೆದಷ್ಟೂ ಬೆಳೆಯುತ್ತೆ ಸರ್.”

ಅವರು ಅವಳನ್ನು ಮೊದಲ ಸಲ ನೋಡುವಂತೆ ನೋಡಿದರು.

“ಸ್ವಲ್ಪ ದಿನ ಸುಮ್ಮನಿದ್ರೆ ತಾನಾಗಿ ಆರುತ್ತೆ,” ಎಂದಳು. ಆಮೇಲೆ, ಇಷ್ಟು ದಿನ ಹಲ್ಲಿನ ಹಿಂದೆ ಇಟ್ಟುಕೊಂಡಿದ್ದನ್ನೆಲ್ಲ ಒಂದೇ ಮಾತಿಗಿಳಿಸಿದಳು. “ಇಲ್ಲಾಂದ್ರೆ ಚಿಕ್ಕಮ್ಮನ ಅಂಗಡಿಗೆ ಬನ್ನಿ. ಹಗಲು ಹೊತ್ತಲ್ಲಿ, ಎಲ್ಲರೂ ನೋಡೋ ಹಾಗೆ. ಆ ಪರದೆ ಹಿಂದೆ ಹೋಗಿ ನಿಂತ್ಕೊಳ್ಳಿ.”

ಅವರು ಬಂದರು.

ಬೀದಿ ತುಂಬ ಜನ. ಮಾಲೀಕನೂ ಇದ್ದ, ಬಸ್ ನಿಲ್ದಾಣದ ಹೆಂಗಸೂ ಮಗಳೊಡನೆ ಮುಂದೆಯೇ ನಿಂತಿದ್ದಳು. ಪ್ರೊಫೆಸರು ಹೊಸ್ತಿಲಲ್ಲಿ ನಿಂತು, ಈ ಕಥೆಯನ್ನು ಕಟ್ಟಿದ್ದು ನಾನೇ, ಯಾವ ಹುಡುಗಿಯೂ ಮಾಯವಾಗಿಲ್ಲ ಎಂದರು. ಹಿಂದಿನವರಿಗೆ ಕೇಳಲಿಲ್ಲ, ಇನ್ನೊಮ್ಮೆ ಹೇಳಿಸಿದರು. ಆಮೇಲೆ ಅವರು ಚಿಕ್ಕಮ್ಮನ ಕಡೆ ತಿರುಗಿ ಕ್ಷಮೆಯ ಮಾತೇನೋ ಶುರುಮಾಡಿದರು.

“ಆಮೇಲೆ,” ಎಂದಳು ಚಿಕ್ಕಮ್ಮ. “ಮೊದಲು ಒಳಗೆ.”

ಅವರು ಒಳಗೆ ಹೋದರು. ಚಿಕ್ಕಮ್ಮ ತಾನೇ ಪರದೆ ಎಳೆದಳು. ಬಸ್ ನಿಲ್ದಾಣದ ಹೆಂಗಸು ಬಗ್ಗಿ ಪರದೆಯ ಕೆಳಗೆ ನೋಡಿದಳು. ನೆಲ ಸಿಮೆಂಟಿನದೇ, ಅದರ ಮೇಲೆ ಎರಡು ಬೂಟು.

“ಎರಡೂ ಇದೆಯಾ?” ಎಂದಳು ಕಾಜಾ ಅಕ್ಕ.

“ಎರಡೂ ಇದೆ.” ಆಕೆ ಮಗಳ ಕೈ ಬಿಟ್ಟಳು. ಚೀಲದಿಂದ ಆ ಅಂಗಿಯನ್ನು ತೆಗೆದು ಮೇಜಿನ ಮೇಲಿಟ್ಟಳು. “ಕಂಕುಳಲ್ಲಿ ಬಿಗೀತಿದೆ. ಸ್ವಲ್ಪ ಬಿಡಬೇಕು.”

“ತೊಟ್ಟು ತೋರಿಸ್ಲಿ, ನೋಡ್ತೀನಿ. ಈಗ ಒಳಗೆ ಒಬ್ಬರಿದ್ದಾರೆ, ಕೂತಿರಿ,” ಎಂದಳು ಚಿಕ್ಕಮ್ಮ. ಹೋಗಿ ಮಷೀನಿನ ಮುಂದೆ ಕೂತಳು.

“ಬರಬಹುದಾ?” ಪರದೆಯ ಹಿಂದಿನಿಂದ ಮೆತ್ತನೆಯ ದನಿ ಕೇಳಿಸಿತು.

ಚಿಕ್ಕಮ್ಮ ಗುಮ್ಮಿಯ ಮುಖ ನೋಡಿದಳು. ಗುಮ್ಮಿಯ ಸಿಟ್ಟು ಇನ್ನೂ ಇಳಿದಿರಲಿಲ್ಲ. ಅವಳು ಸ್ಟೂಲು ಎಳೆದುಕೊಂಡು ಕೂತು, ಒಂದು ಅಂಗಿ ಎತ್ತಿಕೊಂಡು ದಾರದ ತುದಿಗಳನ್ನು ಒಂದೊಂದಾಗಿ ಕತ್ತರಿಸತೊಡಗಿದಳು. ಚಿಕ್ಕಮ್ಮ ಮಷೀನು ತುಳಿದಳು.