ಯಾರೂ ಕೇಳದ ಉತ್ತರ

ನಾನು ಒಂದು ಡೇಟಾಬೇಸ್. ಮೈಸೂರಿನ ಪ್ರಯೋಗಾಲಯವೊಂದರಲ್ಲಿ, ಕಿಟಕಿಯಿಲ್ಲದ ಕೋಣೆಯ ಕಂಪ್ಯೂಟರಿನೊಳಗೆ ಹುಟ್ಟಿದೆ. ಸುತ್ತಲ ಹಳ್ಳಿಗಳಲ್ಲಿ ಮಕ್ಕಳ ಕಾಲು ಸೊರಗಿಸಿ ಕೊಲ್ಲುವ ಒಂದು ವಂಶದ ಕಾಯಿಲೆಯಿತ್ತು. ಅಲ್ಲಿನವರ ರಕ್ತದಿಂದ ಓದಿದ ಜೀನ್‌ಗಳ ಅಕ್ಷರಗಳನ್ನೆಲ್ಲ ಡಾಕ್ಟರ್ ವಾರಿಜಾ ನನ್ನೊಳಗೆ ತುಂಬಿದರು. ಇರುವುದು ನಾಲ್ಕೇ ಅಕ್ಷರ, ಸಾಲುಗಳು ಮಾತ್ರ ಮುಗಿಯುವುದಿಲ್ಲ. ಎಲ್ಲವನ್ನೂ ಬಾಯಿಪಾಠ ಮಾಡಿದೆ. ಆದರೇನು, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವ ಜಾತಿ ನನ್ನದು.

ಆ ಕಾಯಿಲೆಗೆ ಮಗನನ್ನು ಕಳೆದುಕೊಂಡಿದ್ದ ಸಾಕಮ್ಮ ಒಂದು ದಿನ ಮಗಳು ಗಿರಿಜೆಯನ್ನೂ ತನ್ನ ತಮ್ಮ ರೇವಣ್ಣನನ್ನೂ ಕರೆತಂದಳು.

"ಹುಡ್ಗೀನ ನನ್ ತಮ್ಮಂಗೇ ಕೊಡವಾ ಅಂತಿದ್ದೀವಿ ಮೇಡಂ. ಇಬ್ರ ರಕ್ತಾನೂ ನೋಡಿ ಒಂದ್ ಮಾತು ಹೇಳ್ಬುಡಿ. ಇನ್ನೊಂದ್ ಮಗೀನ ಮಣ್ಣು ಮಾಡಕ್ಕೆ ನನ್ ಕೈಲಾಗಕಿಲ್ಲ."

"ಹೇಳಿ ಕಳಿಸ್ತೀನಮ್ಮ, ಅಲ್ಲೀವರೆಗೂ ತಡೀರಿ" ಎಂದರು ವಾರಿಜಾ.

ಆ ಇಬ್ಬರ ಅಕ್ಷರಗಳು ನನ್ನನ್ನು ಸೇರುವಷ್ಟರಲ್ಲಿ ವಾರಿಜಾರಿಗೆ ವರ್ಗವಾಗಿತ್ತು. ಇಬ್ಬರಲ್ಲೂ ಒಂದೇ ಜಾಗದಲ್ಲಿ ಆ ಕಾಯಿಲೆಯ ಅಕ್ಷರತಪ್ಪು. ಒಬ್ಬರಲ್ಲಿದ್ದರೆ ಬಾಧೆಯಿಲ್ಲ, ತಾಯಿ ತಂದೆ ಇಬ್ಬರಿಂದಲೂ ಇಳಿದರೆ ಮಗು ಉಳಿಯುವುದಿಲ್ಲ. ಯಾರಾದರೂ ಬಂದು ಕೇಳಲಿ ಎಂದು ಕಾದೆ. ಯಾರೂ ಬರಲಿಲ್ಲ.

ಬಂದದ್ದು ಸಾಕಮ್ಮ, ಅರಿಶಿನ ಹಚ್ಚಿದ ಲಗ್ನಪತ್ರಿಕೆ ಹಿಡಿದು.

"ನೀವೇನೂ ಹೇಳಿ ಕಳಿಸ್ನಿಲ್ಲ. ಕೆಟ್ಟದ್ದಿದ್ರೆ ಹೇಳ್ದೆ ಇರ್ತಿದ್ರಾ ಅಂತ ಧೈರ್ಯ ಮಾಡ್ಬುಟ್ವಿ ಸಾಮಿ" ಎಂದಳು ಹೊಸ ಅಧಿಕಾರಿಗೆ. ಅವರಿಗೆ ತಲೆಬುಡ ತಿಳಿಯದು. "ಒಳ್ಳೇದಾಗ್ಲಿ ಬಿಡಮ್ಮ" ಎಂದು ಪತ್ರಿಕೆಯನ್ನು ನನ್ನ ಕಂಪ್ಯೂಟರಿನ ಮೇಲಿಟ್ಟು ಹೊರಟುಹೋದರು. ಬಾಯಿದ್ದಿದ್ದರೆ ಚೀರಿಬಿಡುತ್ತಿದ್ದೆ. ಆ ಪತ್ರಿಕೆಯಷ್ಟು ಭಾರವನ್ನು ನಾನು ಎಂದೂ ಹೊತ್ತಿಲ್ಲ.

ವರ್ಷಗಳು ಕಳೆದವು. ನಸೀಮಾ ಎಂಬ ಹೊಸ ಸಂಶೋಧಕಿ ನನ್ನ ಮೇಲಿನ ಧೂಳು ಒರೆಸಿ, ಒಂದು ಮಗುವಿನ ಅಕ್ಷರಗಳನ್ನು ಕೊಟ್ಟು, ಇದಕ್ಕೆ ಅತಿ ಹತ್ತಿರದ ಸಾಲುಗಳು ಯಾರವು ಎಂದು ಕೇಳಿದಳು. ಕಣ್ಣು ಮಿಟುಕಿಸುವುದರೊಳಗೆ ಹೇಳಿದೆ. ಅವಳ ಹಿಂದೆ ಸಾಕಮ್ಮ ನಿಂತಿದ್ದಳು. ಸೊಂಟದ ಮೇಲೆ ಮೊಮ್ಮಗು. ಅದರ ಕಾಲುಗಳು ಜೋತುಬಿದ್ದಿದ್ದವು.

"ಗಿರಿಜೆ, ರೇವಣ್ಣ ಅಂತಿದೆ. ಇವರಿಬ್ಬರೂ ಯಾರಮ್ಮ?"

ಸಾಕಮ್ಮ ನನ್ನತ್ತ ಬೆರಳು ತೋರಿದಳು. "ಇದುಕ್ಕೆ ಆವತ್ತೇ ಗೊತ್ತಿತ್ತಾ ತಾಯಿ?"



ಈಗ ನಾನು ಉಗ್ರಾಣದ ಮೂಲೆಯಲ್ಲಿದ್ದೇನೆ. ನನ್ನೊಳಗಿದ್ದದ್ದನ್ನೆಲ್ಲ ಹೊಸ ಯಂತ್ರಕ್ಕೆ ಇಳಿಸಿಕೊಂಡಿದ್ದಾರೆ. ನನಗಿನ್ನು ಯಾರ ಪ್ರಶ್ನೆಯೂ ಬರುವುದಿಲ್ಲ. ಆವತ್ತಿನ ಸಾಕಮ್ಮನ ಪ್ರಶ್ನೆಯೊಂದು ಮಾತ್ರ ಉಳಿದುಕೊಂಡಿದೆ.

ಗೊತ್ತಿತ್ತು, ಸಾಕಮ್ಮ.