ಬೀರಪ್ಪನ ಕುದುರೆ

ತಂತಿಯ ಮೇಲೆ ಬೆಳ್ಳಗೆ ಏನೋ ಅಲ್ಲಾಡಿತು, ಹಕ್ಕಿಯೇ, ಅಲ್ಲ, ಉಣ್ಣೆ, ಮುಳ್ಳಿಗೆ ಸಿಕ್ಕ ಒಂದು ಚಿಟಿಕೆ ಕುರಿಯುಣ್ಣೆ, ಹೋದ ವರ್ಷದ್ದು, ಇಷ್ಟು ಮಳೆಗೂ ಹೋಗಿಲ್ಲ — ಯಮನಪ್ಪ ಕಣ್ಣು ತಿರುಗಿಸಿ ಮತ್ತೆ ಹುಲ್ಲಿಗೆ ಕೈ ಹಾಕಿದ, ಸೊಂಟದೆತ್ತರ ಹುಲ್ಲು, ಬುಡದಲ್ಲಿ ಕೊಳೆತ ವಾಸನೆ, ಹಸಿರಾಗಿ ಹೊಳೆದದ್ದೆಲ್ಲ ಬರೀ ಹನಿ, ತಾನು ಹುಡುಕುವ ಹಸಿರು ಹುಳವಲ್ಲ, ಮೊದಲು ಬೇಕಾದಷ್ಟಿದ್ದವು, ಹೋದ ಮಳೆಗಾಲ ಅಲ್ಲೊಂದು ಇಲ್ಲೊಂದು, ಈಗ ಒಂದೂ ಇಲ್ಲ, ಬೆನ್ನು ನೋಯುತ್ತದೆ, ಸಾಕಾಗಿದೆ. ಸುಳಕೂಡದ ಈ ಮಡ್ಡಿ, ಈ ಕಲ್ಲುದಿಬ್ಬ ಬಿಟ್ಟು ಬೇರೆಲ್ಲೂ ಈ ಹುಳ ಇಲ್ಲ ಎಂದವರು ಕೊಲ್ಲಾಪುರದ ಕಾಲೇಜಿನ ಕೃಷ್ಣಾತ ಮಾಸ್ತರರು, ಇದೊಂದ ಜಾಗಾ ಐತಿ ಯಮನಪ್ಪಾ, ಕುರಿ ತುಳದು ಹಾಳ ಮಾಡತಾವ, ತಂತಿ ಹಾಕಸ್ತೇನಿ, ನೀ ಕಾಯಿ. ಕಾದ. ಚೀನಾ ಯುದ್ಧದ ಮರುಬೇಸಿಗೆಗೆ ತಂತಿ ಬಿತ್ತು, ಕುರಿ ಕಾಯುವ ಕುಲದವನು ಕುರಿ ಓಡಿಸಲು ನಿಂತ, ಊರು ನಕ್ಕಿತು, ನಗಲಿ ಬಿಡು, ಅವ್ವ ಇದ್ದಿದ್ದರೆ ಮೆಚ್ಚುತ್ತಿದ್ದಳು, ಮೊದಲ ಮಳೆಗೆ ಕುಲದೇವರು ಬೀರಪ್ಪನ ಹೆಸರಲ್ಲಿ ಮಂದೆಯನ್ನು ಇಲ್ಲೇ ಮಲಗಿಸುತ್ತಿದ್ದರು, ಬೆಳಿಗ್ಗೆ ಕುರಿ ಎಬ್ಬಿಸಿದರೆ ಹಿಕ್ಕೆಯ ನಡುವೆ ಹಸಿರು ಹುಳಗಳು ಹರಿದಾಡುತ್ತಿದ್ದವು, ಅವ್ವ ಭಂಡಾರದ ಅರಿಶಿನ ಎರಚಿ ಅನ್ನುತ್ತಿದ್ದಳು, ನೋಡಿ ಹೆಜ್ಜಿ ಇಡ್ರೆಪಾ, ಬೀರಪ್ಪನ ಕುದರಿ ಅದಾವ. ಆ ಕುದುರೆಗಳಿಗಾಗಿಯೇ ಅಲ್ಲವೇ ಅಣ್ಣ ಭರಮಪ್ಪನನ್ನು ತಡೆದದ್ದು, ಒಂದ ರಾತ್ರಿ ಮಲಗಸ್ತೇನೋ, ದೇವರ ನೇಮ ಐತಿ, ಬ್ಯಾಡಣ್ಣಾ, ಮಾಸ್ತರ್ರಿಗೆ ಮಾತ ಕೊಟ್ಟೇನಿ, ಮಾಸ್ತರಗ ಕೊಟ್ಟ ಮಾತ ದೊಡ್ಡದಾತೇನ, ಆಗಲೆಪಾ — ಭರಮಪ್ಪ ಮಂದೆ ತಿರುಗಿಸಿದ, ಯಮನಪ್ಪ ಕೋಲೆತ್ತಿದ್ದ, ಟಗರೊಂದು ತಂತಿಗೆ ಸಿಕ್ಕಿ ಒದ್ದಾಡಿ ಕಿತ್ತುಕೊಂಡು ಓಡಿತು, ಉಣ್ಣೆ ಉಳಿಯಿತು.

ಬೇಲಿಯ ಮೂಲೆಗೆ ಕುಕ್ಕರಿಸಿದ. ತಂತಿಯಾಚೆ ದಾರಿ ಬದಿಯಲ್ಲಿ ನೆಲ ಬೋಳು, ಹೋದ ವಾರ ಅಣ್ಣನ ಮಂದೆ ಕಡೆಯ ರಾತ್ರಿ ಅಲ್ಲೇ ಮಲಗಿತ್ತು, ಬೆಳಗಾದರೆ ಕಟುಕರ ಪಾಲು, ಸುತ್ತೆಲ್ಲ ಕಬ್ಬು, ಇದ್ದ ಒಂದು ಮಡ್ಡಿಗೂ ತಮ್ಮನ ಬೇಲಿ, ಎಲ್ಲಿ ಮೇಯಸೂಣು ಹೇಳ್ರಿ ಎಂದು ಅತ್ತಿಗೆ ರಾಯವ್ವ ಸೆರಗು ಕಚ್ಚಿಕೊಂಡಿದ್ದಳು, ಅಣ್ಣ ಮಗ್ಗದ ಕೂಲಿಗೆ ಇಚಲಕರಂಜಿಯ ಬಸ್ಸು ಹತ್ತುವಾಗ ಇತ್ತ ನೋಡದೆಯೇ ಅಂದ, ಮಗ್ಗಕ್ಕ ಮೇವು ಬೇಕಾಗೂದಿಲ್ಲ ನೋಡು. ಹಿಕ್ಕೆ ಇನ್ನೂ ಹಸಿಯಾಗಿದೆ, ಅದರಲ್ಲಿ ಏನೋ ಮಿಸುಕಿತು, ಹಸಿರು, ಹನಿಯೇ, ಹನಿ ನಡೆಯುವುದಿಲ್ಲ, ನಡೆಯಿತು, ಹಿಕ್ಕೆಯೊಂದನ್ನು ದೂಡಿಕೊಂಡು ನಡೆಯಿತು, ಹಿಂದೆ ಇನ್ನೊಂದು — ಬೇಲಿಯೊಳಗೆ ಇಲ್ಲದ್ದು ಬೇಲಿಯಾಚೆ, ಕುರಿ ಬಿದ್ದುಕೊಂಡಲ್ಲಿ ಕುದುರೆ, ಹುಳಕ್ಕೆ ಹಿಕ್ಕೆ ಬೇಕಿತ್ತೋ, ಬೋಳು ನೆಲದ ಬಿಸಿಲು ಬೇಕಿತ್ತೋ, ಯಾರಿಗೆ ಗೊತ್ತು, ಮಾಸ್ತರರಿಗೂ ತಿಳಿಯಲಿಲ್ಲ, ಆ ಹಿಕ್ಕೆಯಲ್ಲೇ ಹೊರಳಾಡಿ ಬೆಳೆದ ತನಗೂ ತಿಳಿಯಲಿಲ್ಲ, ಕೋಲು ಹಿಡಿದು ಹಗಲಿರುಳು ಕಾದದ್ದು ಏನನ್ನು, ಬರೀ ಹುಲ್ಲನ್ನು, ಅಣ್ಣಾ, ಮಲಗಸೋ, ಒಂದ ರಾತ್ರಿ ಯಾಕ, ಮಳಿಗಾಲ ಪೂರ್ತಿ ಮಲಗಸು, ಆದರೆ ಎಲ್ಲಿಯ ಕುರಿ, ಯಾರ ಕುರಿ, ಈ ಹಿಕ್ಕೆಯೂ ನಾಲ್ಕು ಬಿಸಿಲಿಗೆ ಒಣಗುತ್ತದೆ. ಕೆಳಗೆ ಬಸ್ಸು ನಿಂತ ಸದ್ದು, ಮಾಸ್ತರರ ಕೊಡೆ ಏರು ಹತ್ತುತ್ತಿದೆ, ಪ್ರತಿಸಲ ದೂರದಿಂದಲೇ ಕೂಗಿ ಕೇಳುವವರು, ದಿಸಲಾ ಕಾ ಯಮನಪ್ಪಾ, ಕಾಣಿಸ್ತೇನು, ಕಾಣಿಸ್ತ್ರಿ ಎನ್ನಬೇಕು, ಬೇಲಿ ಕೀಳ್ರಿ ಎನ್ನಬೇಕು, ಕುರಿ ತರ್ರಿ — ದಿಸಲಾ ಕಾ, ಕಣ್ಣು ಬೇಲಿಗೆ ಹೋಗುತ್ತದೆ, ದಿಸಲಾ ಕಾ, ತಂತಿ, ತಂತಿಯ ಮುಳ್ಳಿಗೆ ಒಂದು ಚಿಟಿಕೆ ಉಣ್ಣೆ